ಗ್ರೇಸಮ್ಮನ ಶುಕ್ರವಾರದ ಪ್ರಾರ್ಥನೆ

ಸ್ವಾತಂತ್ರ್ಯ ದಿನದ ಭಾಷಣದಲ್ಲಿ ನನ್ನಷ್ಟು ಧೈರ್ಯಶಾಲಿ ಸರಸ್ವತಿಪುರಂನಲ್ಲಿ ಇನ್ನೊಬ್ಬನಿಲ್ಲ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೂ ನಮ್ಮ ಚರ್ಚಿನ ಅಂಗಳದಲ್ಲಿ ಬಾವುಟ ಹಾರಿದ ಕೂಡಲೇ ನನ್ನನ್ನೇ ಕರೆಯುತ್ತಾರೆ. 'ಕ್ರೈಸ್ತನಿಗೆ ದೇಶದ ಋಣವೂ ದೇವರ ಋಣವೇ' ಎಂದು ಗುಡುಗುತ್ತೇನೆ. ಆಮೇಲೆ ಎಲ್ಲರೂ ಖಾರಾಬಾತು ತಿನ್ನುತ್ತೇವೆ. ಅದು ಆರುವವರೆಗೆ ನನ್ನ ಧೈರ್ಯದ ಆಯಸ್ಸು.

ನಮ್ಮ ಚರ್ಚಿನ ಸಭೆಯ ಗ್ರೇಸಮ್ಮ ವಿಧವೆ. ಮೇಟಗಳ್ಳಿಯ ಬಾಡಿಗೆ ಮನೆಯಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದಳು. ಶುಕ್ರವಾರ ಸಂಜೆ ಆರು ಹೆಂಗಸರು ಅಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ಕಳೆದ ವರ್ಷ ಬೀದಿಯ ನಾಲ್ವರು ಬಾಗಿಲಿಗೆ ಬಂದು, ಇದೆಲ್ಲ ಇಲ್ಲಿ ನಡೆಯಕೂಡದು ಎಂದು ಹೆದರಿಸಿ ಹೋದರು. ಮರುದಿನವೇ ಅವಳು ನನ್ನ ಮನೆಗೆ ಬಂದಳು.

"ಮೇಷ್ಟ್ರೇ, ಠಾಣೆಗೆ ಅರ್ಜಿ ಕೊಡ್ಬೇಕು. ನೀವು ಜೊತೇಲಿ ನಿಂತ್ರೆ ಸಾಕು, ಮಾತು ನಾನೇ ಆಡ್ತೀನಿ."

"ಸ್ವಲ್ಪ ದಿನ ಸುಮ್ನಿರು ಗ್ರೇಸಮ್ಮ. ತಾನಾಗೇ ತಣ್ಣಗಾಗುತ್ತೆ" ಎಂದೆ.

ಪ್ರಜೆ ಎಂದರೆ ಸಂಸ್ಕೃತದಲ್ಲಿ ಮಕ್ಕಳು ಎಂಬ ಅರ್ಥವೂ ಇದೆ. ಪ್ರಜೆಯಾದವನು ಮಕ್ಕಳಂತೆ ಹೇಳಿದ್ದು ಕೇಳಿಕೊಂಡಿದ್ದರೆ ಸಾಕು. ನಾಗರಿಕನಾದವನು ಎದ್ದು ನಿಲ್ಲಬೇಕಾಗುತ್ತದೆ. ಅರಮನೆಯ ಊರಿನವನಾದ ನಾನು ಆ ದಿನ ಪ್ರಜೆಯಾಗಿಯೇ ಉಳಿದೆ.

ಗ್ರೇಸಮ್ಮನ ಜೊತೆ ಠಾಣೆಗೆ ಹೋದದ್ದು ಅವಳ ಪಕ್ಕದ ಮನೆಯ ಪುಟ್ಟಗೌರಮ್ಮ. "ನಮ್ಮನೇಲಿ ಭಜನೆ ಮಾಡ್ತೀವಿ, ಯಾರೂ ಕೇಳಲ್ಲ. ಇವ್ಳು ಹಾಡಿದ್ರೆ ಅವ್ರಿಗೇನ್ ಸಾ ಕಷ್ಟ?" ಎಂದು ಆಕೆ ಅಲ್ಲಿ ಕೇಳಿದಳಂತೆ. ಆ ನಾಲ್ವರು ಮತ್ತೆ ಬರಲಿಲ್ಲ. ಆದರೆ ಮನೆಯ ಮಾಲೀಕ ಹೆದರಿ, ಗ್ರೇಸಮ್ಮನಿಂದ ಮನೆ ಖಾಲಿ ಮಾಡಿಸಿದ.

ಅವಳು ಉದಯಗಿರಿಯಲ್ಲಿ ಒಂದು ಕೋಣೆ ಹಿಡಿದಿದ್ದಾಳೆಂದು ತಿಳಿದು, ಬೈಸಿಕೊಳ್ಳಲು ಸಿದ್ಧನಾಗಿಯೇ ಹೋದೆ. ಅವಳು ಬೈಯಲಿಲ್ಲ, ಅದೇ ಹೆಚ್ಚು ನೋಯಿಸಿತು. ಟೀ ಕೊಟ್ಟು ಒಂದು ಅರ್ಜಿ ಮುಂದಿಟ್ಟಳು. "ವಿಳಾಸ ಬದಲಾಯ್ತಲ್ಲ, ವೋಟು ತಪ್ಪೋಗ್ಬಾರ್ದು. ತುಂಬಿಕೊಡಿ ಮೇಷ್ಟ್ರೇ" ಎಂದಳು. ತಲೆ ಎತ್ತದೆ ತುಂಬಿದೆ. ಹೊರಡುವಾಗ, "ಶುಕ್ರವಾರ ಪ್ರಾರ್ಥನೆಗೆ ಬನ್ನಿ. ಈ ಮನೆ ಮಾಲೀಕರಿಗೆ ಮೊದ್ಲೇ ಹೇಳಿದ್ದೀನಿ" ಎಂದಳು.

ಮೊದಲ ಶುಕ್ರವಾರ ನನಗೆ ಮೊಣಕಾಲು ನೋವು ಬಂತು. ಎರಡನೆಯ ಶುಕ್ರವಾರ ಹೋದೆ. ಮೊದಲಿನ ಆರು ಹೆಂಗಸರಲ್ಲಿ ಇಬ್ಬರೇ ಬಂದಿದ್ದರು. ನಾನು ಬಾಗಿಲ ಬಳಿ ಕೂತೆ. ಯಾರಾದರೂ ಬಂದರೆ ಮೊದಲು ನಾನೇ ಎದುರಾಗಲಿ ಎಂದು ಅಲ್ಲಿ ಕೂತೆನೋ, ಓಡುವುದಕ್ಕೆ ಸುಲಭವೆಂದೋ ದೇವರೇ ಬಲ್ಲ. ನಾನಂತೂ ಅವನನ್ನು ಇನ್ನೂ ಕೇಳಿಲ್ಲ.