ಟೆಲಿಸ್ಕೋಪಿನೊಳಗಿನ ಅಕ್ಷತೆ

ವಿಘ್ನ ಕಳೆಯುವ ಗಣಪನಿಗೆ ಮೊದಲ ನಮಸ್ಕಾರ.

ಸಂಕಷ್ಟಿಯಂದು ಕೋಗಿಲು ಬಡಾವಣೆಯ ನಮ್ಮ ತಾರಸಿಯಲ್ಲಿ ಟೆಲಿಸ್ಕೋಪಿಗೆ ಕ್ಯಾಮೆರಾ ಸಿಕ್ಕಿಸಿ ಚಂದ್ರನ ಫೋಟೊ ತೆಗೆಯುತ್ತಿದ್ದೆ. ಪಕ್ಕದ ಮನೆಯ ಲಲಿತಮ್ಮನವರು ಸೊಸೆಯ ಜೊತೆ ಅಕ್ಷತೆ ಹಿಡಿದು ಬಂದರು. ಕಣ್ಣಿಗೆ ಪೊರೆ ಬಂದಮೇಲೆ, ಚಂದ್ರ ಬಂದನೆಂದು ಸೊಸೆ ಹೇಳಿದರೆ ನಂಬಿ ಉಪವಾಸ ಬಿಡುತ್ತಿದ್ದವರು. ಆವತ್ತು ತಾವೇ ನೋಡಬೇಕೆಂದರು.

ಲ್ಯಾಪ್‌ಟಾಪಿನಲ್ಲಿ ದೊಡ್ಡದಾಗಿ ತೋರಿಸಿದೆ.

"ಇದು ಟೀವಿ ಕಣಪ್ಪ. ಟೀವಿ ನೋಡಿ ಊಟ ಮಾಡೋಕಾಗುತ್ತಾ?"

"ದಿನಾ ಹಾಗೇ ಅಲ್ವಾ ಅತ್ತೆ ಮಾಡೋದು?" ಸೊಸೆ ನಕ್ಕಳು.

ಕ್ಯಾಮೆರಾ ಬಿಚ್ಚಿ, ಕಣ್ಣಿಟ್ಟು ನೋಡುವ ಮಸೂರ ಹಾಕಿದೆ. ಬಗ್ಗಿ ನೋಡಿದರು. "ಬಂದಿದಾನೆ" ಎಂದವರೇ ಅಕ್ಷತೆಯನ್ನು ಕೊಳವೆಯ ಬಾಯಿಗೇ ಹಾಕಿಬಿಟ್ಟರು.

ಕಾಳುಗಳು ಒಳಗಿನ ಕನ್ನಡಿಯ ಮೇಲೇ ಇವೆ. ಫೋಟೊದಲ್ಲಿ ಕಾಣುವುದಿಲ್ಲ, ನಾನೂ ತೆಗೆದಿಲ್ಲ. ಪೂಜೆ ಮಾಡಿಸಿಕೊಂಡ ಟೆಲಿಸ್ಕೋಪು ಇನ್ಯಾರ ಮನೆಯಲ್ಲಿದೆ ಹೇಳಿ?

ಕೇಳಿದ ನಿಮಗೆಲ್ಲ ಗಣಪ ಕೊನೆತನಕ ಕಣ್ಣಬೆಳಕು ಕೊಡಲಿ.