ಲೋಕಾಯುಕ್ತರಲ್ಲಿಗೆ ಹೋದ ಹಾಲಮ್ಮನ ನಲ್ಲಿ

ಪ್ರಮಾಣ ಮಾಡುವ ಮೊದಲು ಹಾಲಮ್ಮ ಚಪ್ಪಲಿ ಬಿಟ್ಟರು.

ಶಿಕಾರಿಪುರದ ನೋಟರಿಯೊಬ್ಬರ ಕೊಠಡಿ ಅದು. ಮೇಜಿನ ತುಂಬ ಸೀಲು, ಇಂಕ್ ಪ್ಯಾಡು, ಅರ್ಧ ಕುಡಿದಿಟ್ಟ ಟೀ. ದಿನವೂ ಎಷ್ಟೋ ಮಂದಿ ಅಲ್ಲಿಗೆ ಬಂದು ಸತ್ಯಪ್ರಮಾಣ ಮಾಡಿ ಹೋಗುತ್ತಾರೆ. ಆದರೆ ಬರಿಗಾಲಲ್ಲಿ ನಿಂತು ಮಾಡಿದವರನ್ನು ನೋಟರಿಯವರು ಕಂಡದ್ದು ಅದೇ ಮೊದಲಂತೆ. ಮೇಜಿನಡಿ ಅವರೂ ಮೆಲ್ಲಗೆ ತಮ್ಮ ಚಪ್ಪಲಿ ಕಳಚಿದ್ದನ್ನು ನಾನು ಕಣ್ಣಾರೆ ನೋಡಿದೆ.

ಇಷ್ಟಕ್ಕೂ ವಿಷಯವೇನು? ಒಂದು ನಲ್ಲಿ.

ನಮ್ಮದು ಶಿಕಾರಿಪುರಕ್ಕೂ ಬಸ್ಸಿರುವ, ಸೊರಬಕ್ಕೂ ಬಸ್ಸಿರುವ ಊರು. ಹೆಸರು ಬೇಡ. ನಮ್ಮ ಪಂಚಾಯ್ತಿಯವರು ಈ ಪತ್ರಿಕೆಯನ್ನು ತಪ್ಪದೆ ತರಿಸುತ್ತಾರೆ (ಓದುತ್ತಾರೆ ಎಂದು ನಾನು ಹೇಳಲಿಲ್ಲ). ಹಾಲಮ್ಮ ನಮ್ಮ ಎದುರು ಮನೆಯವರು. ಗಂಡ ಹೊಲದಲ್ಲಿ, ಎರಡು ಎಮ್ಮೆ ಹಿತ್ತಲಲ್ಲಿ, ನೋವು ಬಲಗಾಲ ಮಂಡಿಯಲ್ಲಿ. ಬೀದಿ ನಲ್ಲಿ ಮೊದಲು ಅವರ ಮನೆಯ ಕಟ್ಟೆಯ ಮುಂದೆಯೇ ಇತ್ತು. ಪಂಚಾಯ್ತಿಯವರು ಒಂದು ದಿನ ಅದನ್ನು ಕಿತ್ತು, ಇಳಿಜಾರಿನ ಕೆಳಗೆ ಒಬ್ಬ ಮೆಂಬರ ಕೊಟ್ಟಿಗೆ ಬಾಗಿಲಲ್ಲಿ ನೆಟ್ಟರು. ಕಾರಣ, ಸಾರ್ವಜನಿಕ ಅನುಕೂಲ. ಸಾರ್ವಜನಿಕರೆಂದರೆ ಮೆಂಬರ ನಾಲ್ಕು ಹಸುಗಳು.

ಹಾಲಮ್ಮ ತುಂಬಿದ ಕೊಡ ಹೊತ್ತು ದಿನವಿಡೀ ಆ ಏರು ಹತ್ತಬೇಕಾಯಿತು. ಇನ್ನೂ ಹೀಗೇ ಭಾರ ಹೊತ್ತರೆ ಆ ಕಾಲು ಪೂರ್ತಿ ಕೈಕೊಡುತ್ತದೆ ಎಂದು ಶಿವಮೊಗ್ಗದ ಡಾಕ್ಟರು ಹೇಳಿ ಕಳಿಸಿದ್ದರು. ಪಂಚಾಯ್ತಿಗೆ ಐದು ಅರ್ಜಿ ಕೊಟ್ಟೆವು. ಐದಕ್ಕೂ ಒಂದೇ ಉತ್ತರ: ‘ಪರಿಶೀಲಿಸಲಾಗುವುದು.’

ಆಗ ನನಗೆ ಲೋಕಾಯುಕ್ತರ ನೆನಪಾಯಿತು. ಪಂಚಾಯ್ತಿಯಿರಲಿ, ಪುರಸಭೆಯಿರಲಿ, ಅವರಿಗೆ ದೂರು ಕೊಡಬಹುದು. ವಕೀಲರು ಬೇಡ. ಒಂದು ಫಾರಂ, ಅದರ ಜತೆಗೆ ಬರೆದದ್ದೆಲ್ಲ ನಿಜವೆಂದು ಪ್ರಮಾಣ ಮಾಡಿದ ಒಂದು ಅಫಿಡವಿಟ್, ಅಷ್ಟೇ. ನಾನೇ ಬರೆದೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಪಳಗಿದ ಕೈ! ‘ಸದರಿ ನಲ್ಲಿಯು ನೂರು ಅಡಿ ದೂರಕ್ಕೆ ಸ್ಥಳಾಂತರಗೊಂಡಿರುತ್ತದೆ’ ಎಂಬ ವಾಕ್ಯದ ಬಗ್ಗೆ ನನಗೆ ವಿಶೇಷ ಅಭಿಮಾನವಿತ್ತು. ನೋಟರಿಯವರು ಅದನ್ನು ಗಟ್ಟಿಯಾಗಿ ಓದಿದರು. ಪೆನ್ನು ಹಿಡಿದಿದ್ದ ಹಾಲಮ್ಮ ಕೈ ಹಿಂದಕ್ಕೆಳೆದರು.

“ನೂರಡಿ ಅಂತ ಯಾರು ಅಳದ್ರು ಮೇಷ್ಟ್ರೇ?”

“ಅಂದಾಜು, ಹಾಲಮ್ಮ.”

“ಅಂದಾಜಿನ ಮ್ಯಾಲೆ ಆಣಿ ಮಾಡ್ಲೇನ್ರೀ? ಮನ್ಯಾಗೆ ಎಮ್ಮಿ ಕಟ್ಟೀನಿ ನಾನು, ಸುಳ್ಳಾಣಿ ಅವಕ್ಕೆ ತಟ್ಟಿದ್ರೆ?”

ಸಿಕ್ಕಿದ ಬಸ್ಸಿಗೆ ಊರಿಗೆ ವಾಪಸು. ಬೀದಿಯುದ್ದಕ್ಕೂ ಬಾವಿಹಗ್ಗ ಹಿಡಿದು ಅಳೆದೆವು; ಹಗ್ಗವನ್ನು ನನ್ನ ಮರದ ಸ್ಕೇಲಿನಿಂದ ಅಳೆದೆವು. ಎಂಬತ್ತೇಳು ಅಡಿ. ಮರುದಿನ ಮತ್ತೆ ಶಿಕಾರಿಪುರ. ಈ ಸಲ ನಮ್ಮನ್ನು ಬಾಗಿಲಲ್ಲಿ ಕಂಡಕೂಡಲೇ ನೋಟರಿಯವರು ಚಪ್ಪಲಿ ಬಿಟ್ಟರು.

ನಮ್ಮೂರ ಪೋಸ್ಟ್ ಮಾಸ್ತರು ಪಂಚಾಯ್ತಿ ಸೆಕ್ರೆಟರಿಯ ಷಡ್ಡಕ. ಅದಕ್ಕೇ ಲಕೋಟೆಯನ್ನು ಸೊರಬಕ್ಕೆ ಒಯ್ದು ರಿಜಿಸ್ಟರ್ ಮಾಡಿಸಿದೆ.

ಆಮೇಲಿನ ದಿನಗಳು ನನಗೆ ಒಂದು ಬಗೆಯ ಮಂಪರು. ಊಟ ಮುಗಿಸಿ ಜಗಲಿಯಲ್ಲಿ ಒರಗಿದರೆ ಸಾಕು, ಆ ಲಕೋಟೆಯ ಜತೆ ನಾನೂ ಹೊರಟುಬಿಡುತ್ತಿದ್ದೆ. ಶಿವಮೊಗ್ಗದವರೆಗೆ ಬಸ್ಸು, ಅಲ್ಲಿಂದ ರೈಲು. ಬೆಂಗಳೂರಿನ ಎತ್ತರದ ಕಟ್ಟಡ, ಕೊನೆಯೇ ಕಾಣದ ಕಾರಿಡಾರು, ನಿದ್ದೆಗಣ್ಣಲ್ಲಿ ತಿರುಗುವ ಫ್ಯಾನು. ಅದರಡಿಯಲ್ಲಿ ಕನ್ನಡಕ ಒರೆಸುತ್ತ ಕುಳಿತ ನ್ಯಾಯಮೂರ್ತಿಗಳು. ಅವರೆದುರು ರಾಜ್ಯದ ನಲ್ಲಿಗಳು, ಚರಂಡಿಗಳು, ಉರಿಯದ ಬೀದಿದೀಪಗಳು ಸರದಿಯಲ್ಲಿ ನಿಂತಿವೆ. ಒಂದೊಂದೂ ಮುಂದೆ ಬಂದು ತನ್ನ ದುಃಖ ಹೇಳಿಕೊಳ್ಳುತ್ತದೆ. ನಮ್ಮ ನಲ್ಲಿಯ ಸರದಿ. ಅದಕ್ಕೆ ಮಾತು ಬಾರದು, ತೊಟ್ಟಿಕ್ಕುತ್ತದೆ. ‘ಎಂಬತ್ತೇಳು ಅಡಿ’ ಎಂಬಲ್ಲಿ ನ್ಯಾಯಮೂರ್ತಿಗಳು ಓದು ನಿಲ್ಲಿಸಿ ಕಿಟಕಿಯಾಚೆ ನೋಡುತ್ತಾರೆ. ಅವರಿಗೂ ಹುಟ್ಟಿದ ಊರೊಂದಿದೆ. ಆ ಊರಿಗೊಂದು ಏರಿದೆ. ಆ ಏರಿನಲ್ಲಿ ಯಾರೋ ಕೊಡ ಹೊತ್ತು ಬರುತ್ತಿದ್ದಾರೆ...

(“ಕಾಫಿ ಆರ್ತಾ ಇದೆ” ಎನ್ನುವಳು ನನ್ನ ಹೆಂಡತಿ. ಸರ್ಕಾರಗಳು ಉರುಳುವುದೇ ಹೀಗೆ.)

ಕೊನೆಗೂ ಕಾಗದ ಬಂತು. ಅದರಲ್ಲೇನಿತ್ತು? ‘ಪಂಚಾಯ್ತಿಯಿಂದ ವಿವರಣೆ ಪಡೆಯಲಾಗಿದೆ. ತೊಂದರೆ ನಿವಾರಣೆಯಾಗಿದ್ದು, ತಮಗೆ ತೃಪ್ತಿಯಾಗಿದೆ ಎಂಬ ತಮ್ಮ ಹೇಳಿಕೆಯನ್ನು ಅವರು ಲಗತ್ತಿಸಿದ್ದಾರೆ. ಆಕ್ಷೇಪಣೆ ಇದ್ದಲ್ಲಿ ತಿಳಿಸುವುದು. ಇಲ್ಲವಾದಲ್ಲಿ ದೂರನ್ನು ಮುಕ್ತಾಯಗೊಳಿಸಲಾಗುವುದು.’ ಲಗತ್ತಿನ ಕೆಳಗೆ ಹಾಲಮ್ಮನ ಸಹಿ. ‘ಹಾ’ ದೊಡ್ಡದು, ಉಳಿದ ಅಕ್ಷರಗಳು ಅದರ ಬೆನ್ನಿಗೆ ಅಡಗಿಕೊಂಡ ಹಾಗೆ. ಅನುಮಾನವೇ ಇಲ್ಲ.

ನಲ್ಲಿ? ಕೊಟ್ಟಿಗೆ ಬಾಗಿಲಲ್ಲೇ ಇತ್ತು.

“ಇದೇನು ಹಾಲಮ್ಮ?”

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಸೆಕ್ರೆಟರಿ ಮನಿಗೆ ಬಂದಿದ್ದ ಮೇಷ್ಟ್ರೇ. ಬಾಯಿ ತುಂಬ ಅವ್ವಾ ಅಂದ. ಒಗ್ಗರಣಿ ಮಂಡಕ್ಕಿ ಕೊಟ್ಟೆ, ಎರಡು ಸಲ ಹಾಕಿಸ್ಕಂಡ. ಆಮ್ಯಾಲೆ, ಇದಕ್ಕೊಂದು ಸೈನ್ ಮಾಡವ್ವಾ ಅಂದ.”

“ಓದಿ ನೋಡ್ಬಾರದಿತ್ತಾ?”

“ತಿಂದ ತಟ್ಟಿ ಇನ್ನಾ ಅವನ ಮುಂದೇ ಇತ್ತು. ತಡಿಯಪ್ಪಾ, ಓದಿ ನೋಡ್ತೀನಿ ಅಂತ ಹೆಂಗ್ ಅನ್ಲಿ? ನಿನ್ ಮ್ಯಾಲೆ ನಂಬಿಕಿ ಇಲ್ಲ ಅಂದಂಗಾಗಲ್ವೇನ್ರೀ?”

ನೋಡಿದಿರಾ? ನೋಟರಿಯ ಮುಂದೆ ಹದಿಮೂರು ಅಡಿಯ ಸುಳ್ಳನ್ನು ಸಹಿಸದ ಹೆಂಗಸು, ಮನೆಗೆ ಬಂದವನು ಕೈತೊಳೆಯುವ ಮೊದಲೇ ಇಡೀ ನಲ್ಲಿಯನ್ನು ಬರೆದುಕೊಟ್ಟಿದ್ದರು. ಆ ಸೆಕ್ರೆಟರಿಗೆ ಪಂಚಾಯ್ತಿ ಕಾನೂನು ಎಷ್ಟು ಗೊತ್ತೋ ನಾನು ಕಾಣೆ. ನಮ್ಮ ದಾಕ್ಷಿಣ್ಯ ಮಾತ್ರ ಅವನಿಗೆ ಕಂಠಪಾಠ.

‘ಮೋಸದಿಂದ ಸಹಿ ಪಡೆದಿರುತ್ತಾರೆ’ ಎಂದು ಆಕ್ಷೇಪಣೆ ಬರೆಯಲು ಕುಳಿತೆ. ಹಾಲಮ್ಮ ತಡೆದರು.

“ನಮ್ಮನ್ಯಾಗೆ ತಿಂದು ಹೋದೋರ್‍ನ ಮೋಸಗಾರ ಅನಬ್ಯಾಡ್ರಿ.”

“ಮತ್ತೇನು ಬರೀಲಿ? ಕಾಲು ನಿಮ್ದು, ನಂದಲ್ಲ.”

ಅವರು ಆ ಏರಿನ ಕಡೆ ತಿರುಗಿದರು. ಬಿಸಿಲಿಗೆ ಬೀದಿ ನೀರಿನ ಹಾಗೆ ಅಲುಗಾಡುತ್ತಿತ್ತು. ಅದನ್ನು ನೋಡುತ್ತಲೇ ಹೇಳಿದರು: “ಸೈನು ನಂದೇ. ಸೆಕ್ರೆಟರಿ ಬಂದು ಮಂಡಕ್ಕಿ ತಿಂದಿದ್ದೂ ನಿಜ. ನಲ್ಲಿ ಕೆಳಗೇ ಐತಿ. ಬಂದು ನೋಡ್ರಿ ಅಂತ ಬರೀರಿ.”

ಎಷ್ಟೋ ಮಕ್ಕಳಿಗೆ ಪ್ರಬಂಧ ಕಲಿಸಿದವನು ನಾನು. ಒಂದಕ್ಷರ ತಿದ್ದದೆ ಹಾಗೆಯೇ ಕಳಿಸಿದೆ.

ಬಂದು ನೋಡಿದರು! ಲೋಕಾಯುಕ್ತರ ಕಡೆಯಿಂದ ಒಬ್ಬ ಇಂಜಿನಿಯರು, ಸೊರಬದ ಬಸ್ಸಿನಿಂದ ಇಳಿದರು. ತೆಳ್ಳಗಿನ ಮನುಷ್ಯ, ಬಗಲಲ್ಲಿ ಫೈಲು, ಜೇಬಿನಲ್ಲಿ ಟೇಪು. ಸೆಕ್ರೆಟರಿ ಒಂದು ಕಡೆ, ಮೆಂಬರು ಒಂದು ಕಡೆ, ಹಸುಗಳು ಯಥಾಸ್ಥಾನದಲ್ಲಿ. ಇಂಜಿನಿಯರು ಅಳೆದರು, ಬರೆದುಕೊಂಡರು, ಯಾರ ಮುಖವನ್ನೂ ನೋಡಲಿಲ್ಲ. ಹಾಲಮ್ಮ ಒಳಗಿನಿಂದ ಒಂದು ಲೋಟ ನೀರು, ಒಂದು ಚೂರು ಬೆಲ್ಲ ತಂದರು.

“ಬಿಸಿಲಾಗೆ ಬಂದೀರಿ. ತಗಳ್ರಿ.”

“ಬೇಡಮ್ಮ. ಇನ್ಸ್‌ಪೆಕ್ಷನ್‌ಗೆ ಬಂದ ಕಡೆ ನಾವೇನೂ ತಗೊಳ್ಳೋ ಹಾಗಿಲ್ಲ.”

“ನೀರ್ರೀ ಇದು.”

“ನೀರೂ ಇಲ್ಲಮ್ಮ.”

ಬಸ್‌ಸ್ಟಾಪಿನ ಪಕ್ಕದ ಅಂಗಡಿಯಲ್ಲಿ ಅವರು ತಮ್ಮದೇ ದುಡ್ಡು ಕೊಟ್ಟು ಸೋಡ ಕುಡಿದದ್ದನ್ನು ಇಡೀ ಬೀದಿ ನೋಡಿತು. ಬಸ್ಸಿನ ಧೂಳು ಅಡಗುವವರೆಗೂ ಹಾಲಮ್ಮ ಆ ಲೋಟ ಹಿಡಿದು ನಿಂತೇ ಇದ್ದರು. ಲೋಟದಲ್ಲಿ ಒಂದು ತುಂಡು ಆಕಾಶ ನಡುಗುತ್ತಿತ್ತು.

ಕೆಲವು ವಾರಗಳಲ್ಲಿ ಪಂಚಾಯ್ತಿಗೆ ಸೂಚನೆ ಬಂತು, ನಲ್ಲಿ ಏರು ಹತ್ತಿ ಮನೆಗೆ ಬಂತು. ಈಗ ಬೆಳಗಿನ ಜಾವದ ನನ್ನ ಅರೆನಿದ್ದೆಯೊಳಕ್ಕೆ ಕೊಡ ತುಂಬುವ ಸದ್ದು ಮೆಲ್ಲಗೆ ಸುರಿಯುತ್ತದೆ. ಹಾಲಮ್ಮನ ಮಂಡಿಗೆ ಬಾಗಿಲಿನಿಂದ ಕಟ್ಟೆಯವರೆಗಿನ ನಾಲ್ಕು ಹೆಜ್ಜೆಯದಷ್ಟೇ ಕೆಲಸ. ಸೆಕ್ರೆಟರಿ ಮೊನ್ನೆ ಅದೇ ನಲ್ಲಿಯಲ್ಲಿ ಕಾಲು ತೊಳೆದು ಒಳಗೆ ಹೋಗಿ, ಉಂಡು, “ಬರ್ತೀನವ್ವಾ” ಎಂದು ಹೇಳಿ ಹೋದ.

“ಅವಂದೇನು ತಪ್ಪು ಬಿಡ್ರಿ, ನೌಕರಿ” ಎಂದರು ಹಾಲಮ್ಮ.

ನ್ಯಾಯ ಕೊಡಿಸಿದ ಆ ಇಂಜಿನಿಯರನ್ನು ಮಾತ್ರ ಅವರು ಇನ್ನೂ ಕ್ಷಮಿಸಿಲ್ಲ.