ಒನಕೆಗೆ ಕಟ್ಟದ ಕಪ್ಪೆ

“ಕಪ್ಪಿ ನೋಡಾಕ ಮಡಕಶಿರಾಕ ಹೊಂಟೀರೇನ್ರಿ? ಮಳಿನೇ ಇಲ್ಲದ ಊರಾಗ ಎಂಥ ಕಪ್ಪಿ?” ಎಂದು ರಾಯದುರ್ಗದ ಬಸ್ ನಿಲ್ದಾಣದಲ್ಲಿ ಚಹಾದವನು ನಕ್ಕ. ನಗಲಿ ಎಂದು ಬಸ್ಸು ಹತ್ತಿದೆ. ಅಪರೂಪದ ಕಪ್ಪೆಯೆಂದರೆ ಮಲೆನಾಡಿನದೇ ಎಂಬ ಮಾತು ಕೇಳಿ ಕೇಳಿ, ಕಪ್ಪೆಗಳ ಬೆನ್ನು ಹತ್ತಿ ಅಲೆಯುವ ನನಗೆ ರೋಸಿಹೋಗಿತ್ತು. ನಮ್ಮ ಬಯಲುಸೀಮೆಯ ಬಂಡೆಗಳೇನು ಪಾಪ ಮಾಡಿವೆ?

ಕಲ್ಯಾಣದುರ್ಗದಲ್ಲಿ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದು ಬಸ್ಸು ಬದಲಾಯಿಸಿದೆ. ಮಡಕಶಿರಾದಲ್ಲಿ ಬಿಸಿಲೋ ಬಿಸಿಲು. ಅಲ್ಲಿಂದ ಗುಡಿಬಂಡೆ ಕಡೆಯ ಹಳ್ಳಿಯೊಂದಕ್ಕೆ ಆಟೊ. ಹಿಪ್ಪುನೇರಳೆ ಬೆಳೆಯುವ ನನ್ನ ಗೆಳತಿ ಗಂಗಮ್ಮ ಅಲ್ಲಿಯವಳು. ಬೆಟ್ಟದ ಕಾಡಿನಲ್ಲಿ ನೀರು ಒಸರುವ ಬಂಡೆಸಂದಿಯೊಂದರಲ್ಲಿ, ಸುತ್ತ ಬೇರೆಲ್ಲೂ ಕಾಣದ ಕಪ್ಪೆ ಇದೆಯೆಂದು ಕರೆಸಿಕೊಂಡವಳು ಅವಳೇ.

ನಾನು ಬೆಟ್ಟ ಹತ್ತುವ ಮೊದಲೇ ಕಪ್ಪೆ ಕೆಳಗೆ ಬಂದಿತ್ತು. ಮಳೆ ಬೇಡಲು ಕಪ್ಪೆಯನ್ನು ಒನಕೆಗೆ ಕಟ್ಟಿ, ಬೇವಿನ ಸೊಪ್ಪು ಸುತ್ತಿ, ಮನೆಮನೆಗೆ ಹೊತ್ತು ನೀರು ಹುಯ್ಯಿಸುವುದು ಅಲ್ಲಿನ ಪದ್ಧತಿ. ಕೆರೆ ಒಣಗಿ ಕೆರೆಕಪ್ಪೆ ಸಿಗದೆ, ಹೆಂಗಸರು ಬೆಟ್ಟದ್ದನ್ನೇ ಹಿಡಿದು ಬಿಂದಿಗೆಯಲ್ಲಿ ತಂದಿದ್ದರು. ಒಳಗೆ ಇಣುಕಿದೆ. ಹೆಬ್ಬೆರಳಿನಷ್ಟು ಜೀವ, ಕಲ್ಲಿನ ಬಣ್ಣ, ಹೊಟ್ಟೆ ತುಂಬ ಮೊಟ್ಟೆ. ಆ ಬಿಸಿಲಿನಲ್ಲಿ ಕಟ್ಟಿದರೆ ಸಂಜೆಯವರೆಗೂ ಉಳಿಯುತ್ತಿರಲಿಲ್ಲ.

“ಕಟ್ಟಬ್ಯಾಡ್ರಿ ತಾಯಿ, ಸತ್ತುಹೋಗ್ತೈತ್ರಿ,” ಎಂದೆ.

“ನೀನ್ಯಾರಮ್ಮ ಹೇಳಾಕೆ? ಕಟ್ಟದಿದ್ರೆ ಮಳೆ ಬತ್ತದಾ?” ಒನಕೆ ಹಿಡಿದಿದ್ದ ಹಿರಿಯಾಕೆ ಓಬಕ್ಕ ಗದರಿದಳು.

ಗಂಗಮ್ಮ ಬಿಂದಿಗೆಯನ್ನು ಸೊಂಟಕ್ಕೇರಿಸಿದಳು. “ಬಸುರೀನ ಕಟ್ಟಾಕಿ ಬಿಸ್ಲಾಗೆ ಮೆರೆಸ್ತೀರಾ? ಅಂಗೆ ಬರೋ ಮಳೆ ನಂಗೆ ಬ್ಯಾಡ. ಬಿಂದಿಗೇಲೇ ಇರ್ಲಿ, ಹೊತ್ಕಂಡು ಓಗಾನ. ಮಳೆ ಬರ್ದಿದ್ರೆ ಊರೆಲ್ಲ ಸೇರಿ ನನ್ನ ಬಯ್ರಿ!”

“ಬಯ್ದೇ ಬಯ್ತೀವಿ ಕಣೇ,” ಎಂದ ಓಬಕ್ಕ ಒನಕೆಯನ್ನು ಗೋಡೆಗೆ ಒರಗಿಸಿದಳು.

ಬಾಗಿಲು ಬಾಗಿಲಲ್ಲೂ ಮನೆಯವರು ಬಿಂದಿಗೆಯ ಮೇಲೆ ನೀರು ಸುರಿದರು, ಹೆಂಗಸರು ಹಾಡಿದರು. ಬಿಸಿಲು ಇಳಿದ ಮೇಲೆ ಗಂಗಮ್ಮ ಮತ್ತು ನಾನು ಕಾರೆ, ಜಾಲಿ ಮುಳ್ಳಿಗೆ ಸೀರೆ ಹರಿಸಿಕೊಳ್ಳುತ್ತ ಬೆಟ್ಟ ಹತ್ತಿ, ಒದ್ದೆ ಬಂಡೆಯ ಮೇಲೆ ಬಿಂದಿಗೆ ಓರೆ ಮಾಡಿದೆವು. ಕಪ್ಪೆ ಅರೆಗಳಿಗೆ ಕೂತು, ಸಂದಿಗೆ ನುಸುಳಿಕೊಂಡಿತು. ನನಗೆ ಅಳುವೇ ಬಂತು.

ಬೆಳಗ್ಗೆ ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ನಾನು ಆಟೊ ಹತ್ತುವಾಗ ಓಬಕ್ಕ ನಾಲ್ಕು ಜನರನ್ನು ಕೂಡಿಸಿಕೊಂಡು ಬಂದು ಗಂಗಮ್ಮನನ್ನು ತರಾಟೆಗೆ ತೆಗೆದುಕೊಂಡಳು. ಗಂಗಮ್ಮ ಸೊಂಟದ ಮೇಲೆ ಕೈಯಿಟ್ಟು, ಬೈಗುಳ ಮುಗಿಯುವವರೆಗೂ ನಿಂತು ಕೇಳಿದಳು.

“ಆಯ್ತಾ? ಇನ್ನೂ ಬಯ್ಯಂಗಿದ್ರೆ ಬಯ್ರಿ. ಬೆಟ್ಟದ್ ಕಪ್ಪೆ ಮಾತ್ರ ಮುಟ್ಟಾಕೆ ಬಿಡಾಕಿಲ್ಲ.”